ಬೊಳ್ಳುವಿಗಾಗಿ ಕೊಟ್ಟ ವೀಳ್ಯ

ಕಾರ್ಕಳ
11-4-1984, ಬುಧವಾರ

ಪ್ರೀತಿಯ ಅಮ್ಮನಿಗೆ ಸುಗಂಧಿಯ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ ಎಂದು ಬರೆಯಲು ಹೊರಟೆ, ಪೆನ್ನು ಮುಂದೆ ಹೋಗಲಿಲ್ಲ. ಜ್ವರವಿಲ್ಲ, ಕೆಮ್ಮಿಲ್ಲ, ಆದರೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಿದೆ. ಈ ಕಾಗದವನ್ನು ಬೇಕೆಂದೇ ಅಂಚೆಗೆ ಹಾಕಿಲ್ಲ. ಹಾಕಿದರೆ ಮೊದಲು ಅಪ್ಪ ಒಡೆಯುತ್ತಾರೆ, ಆಮೇಲೆ ನಿನ್ನ ಅಣ್ಣ ಕರುಣಾಕರ ಮಾವ ಕನ್ನಡಕ ಏರಿಸಿಕೊಂಡು ಓದುತ್ತಾರೆ, ನಿನ್ನ ತನಕ ಬರುವಾಗ ಅದರ ಸಾರಾಂಶ ಮಾತ್ರ ಉಳಿದಿರುತ್ತದೆ. ನಮ್ಮ ಶಾಲೆಯ ಹೊಲಿಗೆ ಟೀಚರ್ ಕಾನ್ಸೆಪ್ಟಾ ನಾಳೆ ಉಡುಪಿಗೆ ಬರುವವರಿದ್ದಾರೆ. ನಿನ್ನ ಕೈಯಲ್ಲೇ ಕೊಡಬೇಕೆಂದು ಅವರಿಗೆ ಹೇಳಿದ್ದೇನೆ. ಅಡುಗೆಮನೆಯಲ್ಲಿ ಕೂತು ನಿಧಾನವಾಗಿ ಓದು.

ಅಪ್ಪನ ಕಾಗದ ಸೋಮವಾರ ಬಂತು. ಬರುವ ಭಾನುವಾರ, ಬಿಸು ಹಬ್ಬದ ಮಾರನೆಯ ದಿನ, ಕಾಪುವಿನ ನಿಮ್ಮ ಹಿರಿಯರ ತರವಾಡು ಮನೆಯಲ್ಲಿ ನನಗೂ ಬೊಂಬಾಯಿಯ ಬ್ಯಾಂಕ್ ಆಫೀಸರ್ ಶೇಖರರಿಗೂ ನಿಶ್ಚಿತಾರ್ಥವಂತೆ. ಮದುವೆಯಾದ ಮೇಲೆ ನಾನು ಶಾಲೆಯ ಕೆಲಸ ಬಿಡಬೇಕಂತೆ. ಬೆಳಿಗ್ಗೆ ಎದ್ದು ರಸ್ತೆಯಲ್ಲಿ ಓಡುವ ಸೊಸೆ ಅವರ ಮನೆಯವರಿಗೆ ಆಗುವುದಿಲ್ಲವಂತೆ. ತರವಾಡಿನ ಯಜಮಾನರೆಂದು ಎಲ್ಲದಕ್ಕೂ ಮಾವ ಒಪ್ಪಿಯಾಗಿದೆಯಂತೆ. ಇಷ್ಟು ಓದುವ ತನಕವೂ ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಕೊನೆಯ ಸಾಲು ನನ್ನನ್ನು ಕುರ್ಚಿಯಿಂದ ಎಬ್ಬಿಸಿತು. ಬೊಳ್ಳುವನ್ನು ಅಲೆವೂರಿನ ವ್ಯಾಲೆಂಟೈನ್ ಪೊರ್ಬುಗಳಿಗೆ ಹಿಂದೆ ಕೊಟ್ಟುಬಿಡಬೇಕು, ಅದು ಓಡುವ ಜಾತಿಯ ನಾಯಿ, ಬೊಂಬಾಯಿಯಲ್ಲಿ ಮಾಳಿಗೆಯ ಮೇಲೆ ಎರಡು ಕೋಣೆಯೊಳಗೆ ಕಟ್ಟಿಹಾಕಿದರೆ ಅದಕ್ಕೆ ಹುಚ್ಚು ಹಿಡಿದೀತು ಪಾಪ, ಎಂದು ಮಾವ ಹೇಳಿದರಂತೆ.

ಪಾಪ! ನಾಯಿಗೆ ಪಾಪ! ಅದೇ ಎರಡು ಕೋಣೆಯೊಳಗೆ ನನ್ನನ್ನು ಕಟ್ಟಿಹಾಕುವಾಗ ಒಬ್ಬರ ಬಾಯಿಂದಲೂ ಆ ಮಾತು ಹೊರಡಲಿಲ್ಲವಲ್ಲ ಅಮ್ಮ!

ಈ ನಾಯಿಯನ್ನು ಹೇಗೆ ಆರಿಸಿದೆವೆಂದು ನಿನಗೆ ಪೂರ್ತಿ ಗೊತ್ತಿಲ್ಲ. ಆ ದಿನ ನೀನು ಬಂದಿರಲಿಲ್ಲ, ಮಾವ ನಿನಗೆ ಬೇಕಾದಷ್ಟೇ ಹೇಳಿರುತ್ತಾರೆ. ಕಳೆದ ದೀಪಾವಳಿಯ ಹೊತ್ತಿಗೆ, ನಾನು ಬೆಳಿಗ್ಗೆ ಆನೆಕೆರೆಯಿಂದ ರಾಮಸಮುದ್ರದ ಕಡೆಗೆ ಓಡುವಾಗ ಇಬ್ಬರು ಪಡ್ಡೆಗಳು ಸ್ಕೂಟರಿನಲ್ಲಿ ಹಿಂದೆ ಬಿದ್ದು ಗೋಳು ಹೊಯ್ದುಕೊಂಡರಲ್ಲ. ಓಡುವುದನ್ನೇ ನಿಲ್ಲಿಸು ಎಂದರು ಅಪ್ಪ. ವ್ಯಾಯಾಮದ ಟೀಚರ್ ತಾನೇ ಓಡದೆ ಮಕ್ಕಳಿಗೆ ಏನು ಕಲಿಸುವುದು ಎಂದೆ ನಾನು. ಕೊನೆಗೆ ಮಾವನೇ ದಾರಿ ಕಂಡುಹಿಡಿದರು, ಒಂದು ನಾಯಿ ಸಾಕಲಿ ಎಂದು. ಅಲ್ಲಿಗೆ ಮನೆಯಲ್ಲಿ ನಾಯಿಗಳ ಸ್ವಯಂವರ ಶುರುವಾಯಿತು. ಅಪ್ಪನಿಗೆ ಊರ ನಾಯಿ ಸಾಕು. ಮಾವನಿಗೆ ಅಲ್ಸೇಷನ್ನೇ ಆಗಬೇಕು, ಕಂಡವರು ನಾಲ್ಕು ಮಾರು ದೂರ ನಿಲ್ಲಬೇಕು. ನೀನೂ ಮೆಲ್ಲನೆ ಒಂದು ಅರ್ಜಿ ಹಾಕಿದ್ದೆ, ಮಡಿಲಲ್ಲಿ ಕೂರುವ ಬಿಳಿ ಪೊಮೇರಿಯನ್ನಿಗೆ.

ವ್ಯಾಲೆಂಟೈನ್ ಪೊರ್ಬುಗಳು ಪೊಲೀಸ್ ಇಲಾಖೆಯ ನಾಯಿಗಳನ್ನು ಪಳಗಿಸಿ ನಿವೃತ್ತರಾದವರು. ಮೀಸೆಯೂ ಗತ್ತೂ ಇನ್ನೂ ಇಲಾಖೆಯದೇ. ಮಾವನನ್ನೂ ನನ್ನನ್ನೂ ಅಂಗಳದ ಬೆಂಚಿನಲ್ಲಿ ಕೂರಿಸಿ, ನಾಯಿ ತೋರಿಸುವ ಮೊದಲು ನನ್ನ ವಿಚಾರಣೆಗೆ ತೊಡಗಿದರು. ಎಷ್ಟು ಗಂಟೆಗೆ ಏಳುವುದು? ಎಷ್ಟು ದೂರ ಓಡುವುದು? ಮಳೆಗಾಲದಲ್ಲಿಯೂ ಉಂಟಾ, ಅಲ್ಲ ಚಳಿಗಾಲದ ಶೋಕಿ ಮಾತ್ರವಾ? ಮನೆಯಲ್ಲಿ ಮೌನ ಬೇಕಾ, ಗಲಾಟೆ ಆದೀತಾ? ಸಿಟ್ಟು ಬೇಗ ಬರುತ್ತದಾ, ಬಂದದ್ದು ಎಷ್ಟು ಹೊತ್ತು ಇರುತ್ತದೆ? ಅಮ್ಮ, ಹುಟ್ಟಿದಾಗಿನಿಂದ ನನ್ನನ್ನು ಯಾರೂ ಹಾಗೆ ವಿಚಾರಿಸಿರಲಿಲ್ಲ. ಉತ್ತರ ಹೇಳುತ್ತ ಹೇಳುತ್ತ ಅವರು ಕೇಳದ್ದನ್ನೂ ಹೇಳತೊಡಗಿದೆ. ಮಾವ ಅದನ್ನು ನೋಡಿ ನೀರು ಬೇಕಾ ಎಂದು ಕೇಳಿದರು.

ಆಮೇಲೆ ಪೊರ್ಬುಗಳು ಒಂದೊಂದಾಗಿ ತಳ್ಳಿಹಾಕಿದರು. ಅಲ್ಸೇಷನ್ ಕಂಬಳಿ ಹೊದ್ದುಕೊಂಡೇ ಹುಟ್ಟಿದ್ದು, ಕಾರ್ಕಳದ ಬಂಡೆಗಳ ಸೆಕೆಯಲ್ಲಿ ಅದನ್ನು ಓಡಿಸುವುದು ಪಾಪದ ಕೆಲಸ ಎಂದರು. ಪೊಮೇರಿಯನ್ ಆದರೆ ಹೋಗುವಾಗ ಅದು ಓಡುತ್ತದೆ, ಬರುವಾಗ ನೀವು ಹೊತ್ತುಕೊಂಡು ಬರಬೇಕು ಟೀಚರೇ ಎಂದರು. ಮುಧೋಳದ ನಾಯಿ ಬಾಣದ ಹಾಗೆ ಹೋಗುತ್ತದೆ, ಆದರೆ ಮೊಲ ಕಂಡರೆ ನಿಮ್ಮ ನೆನಪೇ ಇರುವುದಿಲ್ಲ, ನಿಮಗೆ ಬೇಕಾದದ್ದು ಮುಂದೆ ಓಡುವ ನಾಯಿಯಲ್ಲ, ಜೊತೆಗೆ ಓಡುವ ನಾಯಿ ಎಂದು ಹೇಳಿ ಒಳಗಿನಿಂದ ಮೈತುಂಬ ಕಪ್ಪು ಚುಕ್ಕೆಗಳ ಈ ಡಾಲ್ಮೇಷಿಯನ್ನನ್ನು ತಂದರು. ಹಿಂದೆ ಇವು ಕುದುರೆಗಾಡಿಗಳ ಪಕ್ಕದಲ್ಲಿ ಊರಿಂದೂರಿಗೆ ಓಡುತ್ತಿದ್ದವಂತೆ. ಗಿಡ್ಡ ರೋಮ, ಗಟ್ಟಿ ಪಾದ. ಎಳೆಯ ಮರಿಯನ್ನು ದೂರ ಓಡಿಸಿದರೆ ಕಾಲು ಕೆಡುತ್ತದೆಂದು ಬೆಳೆದದ್ದನ್ನೇ ಆರಿಸಿದ್ದರು. ಅದು ಬಂದು ನನ್ನ ಮೊಣಕಾಲಿಗೆ ಒರಗಿ ನಿಂತಿತು.

ಇನ್ನು ನಿನ್ನಿಂದ ಮುಚ್ಚಿಟ್ಟ ಸಂಗತಿ ಕೇಳು. ಪೊರ್ಬುಗಳು ಒಂದು ಷರತ್ತು ಹಾಕಿದರು. ದಿನಾ ಓಡದಿದ್ದರೆ ಈ ನಾಯಿ ಬಾಗಿಲು ಕಡಿಯುತ್ತದೆ, ಆಮೇಲೆ ಮೂಲೆ ಹಿಡಿಯುತ್ತದೆ, ನಾಳೆ ಇವರಿಗೆ ಮದುವೆಯಾದರೆ ಎಂತ ಮಾಡುವುದು ಎಂದು ಕೇಳಿದರು. ಮಾವ ಎದೆ ಸೆಟೆಸಿ, ಮದುವೆಯಾದರೂ ನಮ್ಮ ಹುಡುಗಿ ಓಡುವುದು ನಿಲ್ಲಿಸುವವಳಲ್ಲ ಮಾರಾಯ್ರೇ, ಅದಕ್ಕೆ ನಾನು ಜವಾಬ್ದಾರಿ ಎಂದರು. ಪೊರ್ಬುಗಳು ಹಣ ಮುಟ್ಟಲಿಲ್ಲ, ಮಾತೇ ಸಾಕು ಎಂದರು. ಹಾಗಾದರೆ ನಮ್ಮ ಕ್ರಮದಲ್ಲೇ ಆಗಲಿ ಎಂದು ಮಾವ ತಮ್ಮ ಸಂಚಿಯಿಂದ ವೀಳ್ಯದೆಲೆ, ಅಡಿಕೆ ತೆಗೆದು ಅವರ ಕೈಯಲ್ಲಿಟ್ಟರು. ಎಲೆಯಡಿಕೆ ತಿನ್ನದ ಮನುಷ್ಯ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಯೇಸುವಿನ ಪಟದ ಕೆಳಗೆ ಇಟ್ಟರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮಗೆ ಬುದ್ಧಿ ಹೇಳಿದವರು ಯಾರು? ಅಜ್ಜ ವೀಳ್ಯ ಕೊಟ್ಟು ಆಡಿದ ಒಂದು ಮಾತಿಗಾಗಿ ಬೈಲಿನ ಗದ್ದೆಯನ್ನೇ ಬಿಟ್ಟುಕೊಟ್ಟರು ಎಂದು ಪ್ರತಿ ಹಬ್ಬದಲ್ಲೂ ಹೇಳಿ ಮೀಸೆ ಸವರುವವರು ಯಾರು? ಅದೇ ಮಾವ ಈ ಭಾನುವಾರ ಅದೇ ವೀಳ್ಯವನ್ನು ತಟ್ಟೆಯಲ್ಲಿಟ್ಟು, ಈ ಹುಡುಗಿ ಇನ್ನು ಓಡುವುದಿಲ್ಲ ಎಂದು ಇನ್ನೊಬ್ಬರಿಗೆ ಮಾತು ಕೊಡುತ್ತಾರಂತೆ. ಓಡುತ್ತೇನೆ ಎನ್ನುವುದಕ್ಕೂ ಒಂದು ವೀಳ್ಯ, ಓಡುವುದಿಲ್ಲ ಎನ್ನುವುದಕ್ಕೂ ಒಂದು ವೀಳ್ಯ! ಎರಡು ಸಲವೂ ಓಡುವವಳನ್ನು ಕೇಳಿದವರಿಲ್ಲ.

ಶೇಖರರ ಮೇಲೆ ನನಗೆ ಕೋಪವಿಲ್ಲ. ಅವರು ನೋಡಲು ಬಂದ ದಿನ ನಾನು ಚಹಾ ತಂದಿಟ್ಟೆ, ಅವರು ಗೋಡೆಯ ಕ್ಯಾಲೆಂಡರ್ ನೋಡಿದರು, ಅಷ್ಟೇ ನಮ್ಮ ಪರಿಚಯ. ತನಗೆ ಎಂಥ ಹೆಂಡತಿ ಹೊಂದುತ್ತಾಳೆಂದು ಆ ಪುಣ್ಯಾತ್ಮರನ್ನಾದರೂ ಯಾರು ಕೇಳಿದ್ದಾರೋ. ಜಾತಕ ಕೂಡಿತು, ಕೆಲಸ ದೊಡ್ಡದು, ಮುಗಿಯಿತು. ನಾಯಿಗಾಗಿ ಅರ್ಧ ದಿನ ವಿಚಾರಣೆ, ಮನುಷ್ಯರಿಗೆ ಚಹಾ ಆರುವಷ್ಟು ಹೊತ್ತು.

ನಿನ್ನೆ ಶಾಲೆ ಬಿಟ್ಟ ಮೇಲೆ ಬಸ್ಸು ಹಿಡಿದು ಅಲೆವೂರಿಗೆ ಹೋಗಿದ್ದೆ. ಎಲ್ಲ ಕೇಳಿ ಪೊರ್ಬುಗಳು ಕೆಂಡವಾದರು. ನಾಯಿಯನ್ನು ವಾಪಸು ತೆಗೆದುಕೊಳ್ಳುವ ಪ್ರಶ್ನೆಯೇ ಇಲ್ಲ, ಭಾನುವಾರ ತಾನೇ ಕಾಪುವಿಗೆ ಬಂದು ಕರುಣಾಕರರನ್ನು ನೆಂಟರ ಎದುರೇ ಕೇಳುತ್ತೇನೆ ಎಂದರು. ನಾನು ಬೇಡ ಎಂದೆ. ಅವರು ಬಂದು ಕೇಳಿದರೆ ಮಾವ ಸೋತಾರು, ಮದುವೆಯೂ ನಿಂತೀತು, ಆದರೆ ಗೆದ್ದದ್ದು ನಾಯಿ ಎಂದಾಗುತ್ತದೆ. ನನ್ನ ಪರವಾಗಿ ನನ್ನ ಮನೆಯವರೇ ಒಬ್ಬರು ಬಾಯಿ ತೆರೆಯಬೇಕು.

ಅದಕ್ಕೇ ಈ ಕಾಗದ. ಮನೆಯ ಹೆಂಗಸು ಎತ್ತಿ ಕೊಡದೆ ವೀಳ್ಯದ ತಟ್ಟೆ ಚಾವಡಿಗೆ ಬರುವುದಿಲ್ಲ, ಅದು ನಿಮ್ಮ ತರವಾಡಿನ ಕ್ರಮ. ಭಾನುವಾರ ಎತ್ತಿ ಕೊಡಬೇಕಾದವಳು ನೀನು. ಕೊಡಬೇಡ ಅಮ್ಮ. ಜಗಳ ಬೇಡ, ಅಳುವುದು ಬೇಡ. ಈ ಹುಡುಗಿಯ ಮೇಲೆ ನೀನು ಆಗಲೇ ಒಂದು ವೀಳ್ಯ ಕೊಟ್ಟಾಗಿದೆ ಅಲ್ವಾ ಅಣ್ಣ, ಎಂದು ಒಂದೇ ಮಾತು ಕೇಳು. ಮದುವೆಯೇ ಬೇಡ ಎನ್ನುವವಳು ನಾನಲ್ಲ. ನನ್ನನ್ನು ಕೇಳಿ ಹುಡುಕಿ ಎನ್ನುತ್ತೇನೆ, ನಾಯಿಗೆ ಹುಡುಕಿದಷ್ಟಾದರೂ.

ಶನಿವಾರ ಸಂಜೆಯ ಬಸ್ಸಿಗೆ ಬರುತ್ತೇನೆ. ಬೊಳ್ಳುವನ್ನು ಕಾನ್ಸೆಪ್ಟಾ ಟೀಚರ್ ನೋಡಿಕೊಳ್ಳುತ್ತಾರೆ.

ಸಿಟ್ಟಿನಲ್ಲಿಯೂ ನಿನ್ನವಳೇ,
ಸುಗಂಧಿ

ಮುಗಿಸಿದ ಮೇಲೆ ನೆನಪಾದದ್ದು: ಈ ಓಡುವ ಹುಚ್ಚು ಇವಳಿಗೆ ಯಾರಿಂದ ಬಂತು ಎಂದು ಮಾವ ಆಗಾಗ ಕೇಳುತ್ತಾರಲ್ಲ, ನಾನು ಹೇಳಿಲ್ಲ. ನಾನು ಸಣ್ಣವಳಿರುವಾಗ ಒಂದು ಸಲ ಕಾಪುವಿನ ಕಡಲ ಬದಿಯಲ್ಲಿ ನೀನು ಹಿಂದೆ ಮುಂದೆ ನೋಡಿ, ಯಾರೂ ಇಲ್ಲವೆಂದು ಸೀರೆಯನ್ನು ಎತ್ತಿ ಕಟ್ಟಿಕೊಂಡು ದೀಪಸ್ತಂಭದ ಬಂಡೆಯ ತನಕ ನನಗಿಂತ ಮೊದಲು ಓಡಿ ಮುಟ್ಟಿದೆ. ಮನೆಯಲ್ಲಿ ಹೇಳಬೇಡ ಎಂದೆ ನೀನು. ಎಷ್ಟು ಗಂಟೆಗೆ ಏಳುವುದು ನಿನಗೆ ಇಷ್ಟ? ಎಷ್ಟು ದೂರ ಹೋಗಬೇಕೆಂದು ಅನಿಸುತ್ತದೆ? ಬಂದ ಸಿಟ್ಟನ್ನು ಎಲ್ಲಿ ಇಟ್ಟುಕೊಂಡಿದ್ದೀಯೆ? ನಿನ್ನನ್ನೂ ಯಾರೂ ಕೇಳಿರಲಿಕ್ಕಿಲ್ಲ, ನಾನು ಕೇಳುತ್ತಿದ್ದೇನೆ. ಐದನೇ ಕ್ಲಾಸಿನ ಅಕ್ಷರ ಎಂದು ನಾಚಿಕೊಂಡು ಅಪ್ಪನ ಕೈಯಲ್ಲಿ ಬರೆಸಬೇಡ. ಉತ್ತರ ನೀನೇ ಬರೆ.