ಹುಣಸೆ ಬೀಜದೆತ್ತರದ ಹೆಂಗಸು

ಹರಿಹರ,
ಭಾನುವಾರ, ಬಿಸಿಲು ಮೇಜಿನ ತನಕ ಬಂದ ಹೊತ್ತು

ಶಕುಂತಲಮ್ಮನವರೇ,

ಈ ಪತ್ರದ ಜೊತೆ ಒಂದು ಬೆಂಕಿಪೊಟ್ಟಣ ಕಳಿಸುತ್ತಿದ್ದೇನೆ. ಅದರಲ್ಲಿ ಕಡ್ಡಿಗಳಿಲ್ಲ. ಹತ್ತಿಯ ನಡುವೆ ಆ ಹೆಂಗಸು ಇದ್ದಾಳೆ. ಗುರುವಾರ ನೀವು ಉಗುರಿನಿಂದ ಮೀಟಿ ಕಿತ್ತು ನನ್ನ ಅಂಗೈಗೆ ಹಾಕಿದಿರಲ್ಲ, ಅವಳು. ಪತ್ರ ಓದಿದ ಮೇಲೆ ಪೊಟ್ಟಣ ತೆರೆಯಿರಿ. ಮಂಗಳವಾರ ಯಾವುದೋ ಶಾಲೆಯವರು ವ್ಯಾನ್ ತಂದು ನಿಮ್ಮ ಮಹಡಿಯ ಮೇಲಿನ ರೈಲು, ಹಳಿ, ಸ್ಟೇಷನ್ನು ಎಲ್ಲವನ್ನೂ ಒಯ್ಯುತ್ತಾರೆಂದು ನಿಮ್ಮ ಮಗ ಬಸವಪ್ರಭು ಹೇಳಿದರು. ಅದಕ್ಕೂ ಮೊದಲು ಒಂದು ವಿಷಯ ನಿಮಗೆ ತಿಳಿಯಬೇಕು. ತಿಳಿಯಬೇಕೋ ಬೇಡವೋ ಎಂದು ಮೂರು ದಿನ ಯೋಚಿಸಿದೆ.

‘ಯಾರ್ರೀ ಮೇಷ್ಟ್ರೆ ಇವಳು?’ ಎಂದು ನೀವು ಕೇಳಿದಾಗ ಗೊತ್ತಿಲ್ಲ ಎಂದೆ. ಆಗ ಅದು ನಿಜವಾಗಿತ್ತು. ನಿಮ್ಮ ಮನೆಯ ಮೆಟ್ಟಿಲು ಇಳಿದು ಮುಗಿಸುವಷ್ಟರಲ್ಲಿ ನಿಜವಾಗಿ ಉಳಿದಿರಲಿಲ್ಲ. ಆದರೂ ಸುಮ್ಮನೆ ಹೊರಟುಬಿಟ್ಟೆ. ಅದು ನನ್ನ ಸ್ವಭಾವ. ಹೇಳಬೇಕಾದ ಹೊತ್ತಿಗೆ ಚಪ್ಪಲಿ ಹುಡುಕುತ್ತೇನೆ.

ಹನ್ನೊಂದು ವರ್ಷದ ಹಿಂದೆ, ಜವಳಿ ಅಂಗಡಿಯನ್ನು ಮಗನ ಕೈಗೆ ಕೊಟ್ಟ ಮೇಲೆ, ನಿಮ್ಮ ಯಜಮಾನರು ಮುರುಗೇಶಪ್ಪನವರು ನನ್ನನ್ನು ಹುಡುಕಿಕೊಂಡು ಹರಿಹರಕ್ಕೆ ಬಂದರು. ನಾನು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಉಳಿದ ಹೊತ್ತಿನಲ್ಲಿ, ಮನೆಯಲ್ಲಿ ಮಾದರಿ ರೈಲು ಓಡಿಸುವ ದೊಡ್ಡವರಿಗೆ ಜನರನ್ನು ಮಾಡಿಕೊಡುತ್ತೇನೆ. ನಿಜದ ಎಂಬತ್ತೇಳು ಅಡಿ ಅಲ್ಲಿ ಒಂದು ಅಡಿ. ಆ ಅಳತೆಯಲ್ಲಿ ದಾವಣಗೆರೆಯ ನಿಮ್ಮ ಕೆ.ಬಿ. ಬಡಾವಣೆಗೂ ನನ್ನ ಮನೆಗೂ ನೂರ ಅರವತ್ತು ಮೀಟರು. ಅಷ್ಟು ದೂರಕ್ಕೆ ನನಗೆ ಮೂರು ದಿನ ಬೇಕಾಯಿತು ನೋಡಿ.

ಬಣ್ಣವಿಲ್ಲದ ಜನ ಡಬ್ಬಿಗಳಲ್ಲಿ ಹೊರದೇಶದಿಂದ ಬರುತ್ತಾರೆ. ಎಲ್ಲರ ತಲೆಯ ಮೇಲೂ ಟೋಪಿ, ಮೈಮೇಲೆ ಉದ್ದ ಕೋಟು. ಟೋಪಿ ಕೊಯ್ದು ರುಮಾಲು ಸುತ್ತಿದೆ, ಕೋಟಿಗೆ ಕಂಬಳಿಯ ಬಣ್ಣ ಕೊಟ್ಟೆ, ಒಬ್ಬ ಪಾದ್ರಿಯನ್ನು ಮಲೆಬೆನ್ನೂರಿನ ಭತ್ತದ ವ್ಯಾಪಾರಿ ಮಾಡಿದೆ. ಮುರುಗೇಶಪ್ಪನವರು ಕನ್ನಡಕ ಮೇಲೆತ್ತಿ ನೋಡಿ ನಕ್ಕರು. ‘ಇವರೇನ್ರೀ, ಫೋಟೋ ತೆಗಿಸ್ಕೊಳ್ಳಾಕೆ ಬಂದೋರಂಗೆ ನಿಂತಾರೆ? ನಮ್ಮ ಸ್ಟೇಷನ್ನಾಗೆ ಯಾರ್ರೀ ನಿಲ್ತಾರೆ? ಕೂಡ್ರಿಸ್ರಿ ಎಲ್ಲಾರನ್ನೂ.’ ಹಾಗೆ ನಾನು ಕಾಲು ಕತ್ತರಿಸಿ, ಮಂಡಿ ಮಡಿಸಿ, ಅರವತ್ತು ಜನರನ್ನು ಗಂಟಿನ ಮೇಲೆ, ಟ್ರಂಕಿನ ಮೇಲೆ, ಬರಿ ನೆಲದ ಮೇಲೆ ಕೂಡಿಸಿದೆ. ಸಣ್ಣ ಹಳಿಯ ಕಾಲದ ಹರಿಹರ ಸ್ಟೇಷನ್ನು ತುಂಬಿತು.

ನಾನು ಈ ಜನರಿಗೆ ಕಣ್ಣು ಬರೆಯುವುದಿಲ್ಲ. ಬರೆದರೆ ಎಲ್ಲರೂ ಹೆದರಿದವರಂತೆ ಕಾಣುತ್ತಾರೆ. ಕಣ್ಣಿನ ಜಾಗದಲ್ಲಿ ಒಂದು ಚೂರು ನೆರಳು ಸಾಕು. ಮುಖದಿಂದ ಯಾರ ಗುರುತೂ ಹತ್ತುವುದಿಲ್ಲ. ಗುರುತು ಹತ್ತುವುದು ಕೂತ ರೀತಿಯಿಂದ, ಹೆಗಲು ಬಾಗಿದ ಕಡೆಯಿಂದ, ಕೈ ಎಲ್ಲಿಟ್ಟುಕೊಂಡಿದ್ದಾರೆ ಎಂಬುದರಿಂದ. ಇದನ್ನು ತಿಳಿದೇ ಬದುಕು ನಡೆಸಿದವನು ನಾನು. ಆದರೂ ಹನ್ನೊಂದು ವರ್ಷ ಕುರುಡನಂತಿದ್ದೆ.

ಆ ಹೆಂಗಸಿನ ಮಾತು ಬಂದಾಗ ಮುರುಗೇಶಪ್ಪನವರ ಹತ್ತಿರ ಫೋಟೋ ಇರಲಿಲ್ಲ. ಮಹಡಿಯ ಬಾಗಿಲು ಹಾಕಿ, ಹೆಗಲ ಮೇಲಿನ ವಲ್ಲಿಯನ್ನು ತಲೆಗೆ ಹೊದ್ದು, ಆ ಮರದ ಸ್ಟೂಲಿನ ಮೇಲೆ ತಾವೇ ಕೂತರು. ಅರವತ್ತು ದಾಟಿದ ಜವಳಿ ವ್ಯಾಪಾರಿ. ನನಗೆ ನಗು ಬರಬೇಕಿತ್ತು. ಬರಲಿಲ್ಲ. ಬಲಗೈಯಿಂದ ಎಡ ಮೊಣಕೈ ಹಿಡಿದರು. ಬಲಗಾಲ ಪಾದದ ಮೇಲೆ ಎಡಪಾದ ಇಟ್ಟರು. ರೈಲು ಬರುವ ದಿಕ್ಕಿಗೆ ನೋಡದೆ ನೆಲ ನೋಡಿದರು. ‘ಹಿಂಗೆ. ಕಲ್ಲು ಬೆಂಚಿನ ತುದಿಗೆ. ಮಗ್ಗುಲಿಗೆ ಒಂದು ನೀಲಿ ಚೀಲ’ ಎಂದರು. ನಾನು ಹಾಗೇ ಮಾಡಿದೆ. ಕೂತರೆ ಹುಣಸೆ ಬೀಜದಷ್ಟು ಎತ್ತರ.

ಸೀರೆ ಮಾತ್ರ ಒಪ್ಪಿಗೆಯಾಗಲಿಲ್ಲ. ಹಸಿರು ಎಂದಿದ್ದರು. ಇಷ್ಟು ಸಣ್ಣ ವಸ್ತುವಿಗೆ ನಿಜದ ಬಣ್ಣ ಹಚ್ಚಿದರೆ ಕಪ್ಪಾಗಿ ಕಾಣುತ್ತದೆ. ಬಿಳಿ ಬೆರೆಸಿ ತಿಳಿಮಾಡಬೇಕು. ಮೊದಲ ವರ್ಷ ಎಲೆ ಹಸಿರು. ‘ಇದಲ್ಲ.’ ಮರುವರ್ಷ ಗಿಳಿ ಹಸಿರು. ‘ಹತ್ರ ಬಂತು, ಆದ್ರೆ ಇದಲ್ಲ.’ ಆಮೇಲೆ ಹೆಸರುಕಾಳು, ಪಾಚಿ, ಎಳೆ ಮಾವಿನಕಾಯಿ. ಪ್ರತಿ ವರ್ಷ ಹೊಸ ಹೆಂಗಸು, ಹಳೆಯವಳು ಡ್ರಾಯರಿಗೆ. ನಲವತ್ತು ವರ್ಷ ಸೀರೆ ಮಾರಿದ ಮನುಷ್ಯ, ಕಣ್ಣು ಮುಚ್ಚಿಕೊಂಡು ಬಟ್ಟೆ ಮುಟ್ಟಿ ಮಿಲ್ಲಿನ ಹೆಸರು ಹೇಳುವವರು, ಆ ಒಂದು ಹಸಿರನ್ನು ಹೇಳಲಾರದೆ ಹೋದರು.

ಅದಕ್ಕೇ ಆ ಡ್ರಾಯರು ನಿಮ್ಮನ್ನು ಅಷ್ಟು ನೋಯಿಸಿದ್ದು. ಹನ್ನೊಂದು ವರ್ಷ ನೀವು ಮಹಡಿ ಹತ್ತಿರಲಿಲ್ಲ. ಅವರು ತೀರಿಕೊಂಡು, ಶಿವಗಣಾರಾಧನೆ ಮುಗಿದು ನೆಂಟರು ಹೋದ ಮೇಲೆ ಕಸ ಗುಡಿಸಲು ಹತ್ತಿದಿರಿ. ಸ್ಟೇಷನ್ನಿನ ಎಲ್ಲರ ಮೇಲೂ ಧೂಳಿತ್ತು, ಅವಳ ಮೇಲೆ ಇರಲಿಲ್ಲ. ಡ್ರಾಯರಿನಲ್ಲಿ ಅವಳೇ ಇನ್ನೂ ಹತ್ತು ಸಲ. ನನ್ನನ್ನು ಕರೆಸಿದಿರಿ. ‘ಹನ್ನೊಂದು ವರ್ಷ ನನ್ನ ತಲೆ ಮ್ಯಾಲೆ ಕುಂತಿದ್ಲಲ್ರೀ ಇವಳು! ನಾನು ಕೆಳಗೆ ರೊಟ್ಟಿ ತಟ್ಟಿದ್ದೇ ತಟ್ಟಿದ್ದು’ ಎಂದಿರಿ. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಗಲೇ ನೀವು ಇನ್ನೆರಡು ಮಾತು ಆಡಿದಿರಿ. ‘ನಮ್ಮ ತವರು ಹಾವೇರಿ. ಹೋಗೋದಿದ್ರೆ ದಾವಣಗೆರೆಯಿಂದಾನೆ ಹೋಗೀನಿ. ಈ ಹರಿಹರ ಸ್ಟೇಷನ್ನಾಗೆ ನಾನು ಒಂದಿನಾನೂ ಇಳಿದಿಲ್ಲ’ ಎಂದಿರಿ. ನಾನು ಆ ಪ್ರಶ್ನೆ ಕೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ಬೆಂಚಿನ ಪಕ್ಕದ ನಲ್ಲಿಯತ್ತ ಬೆರಳು ತೋರಿಸಿ, ‘ಇದು ಎಡಕ್ಕಿರಬೇಕಿತ್ತು, ಬಲಕ್ಕೆ ಇಟ್ಟಾರೆ’ ಎಂದಿರಿ. ನೀವು ಹಳಿಯ ಕಡೆ ನಿಂತು ನೋಡುತ್ತಿದ್ದಿರಿ. ಅಲ್ಲಿಂದ ನಲ್ಲಿ ಬಲಕ್ಕೆ ಕಾಣುತ್ತದೆ. ಎಡಕ್ಕೆ ಕಾಣುವುದು ಒಬ್ಬರಿಗೇ. ಆ ಬೆಂಚಿನ ಮೇಲೆ ಹಳಿಗೆ ಮುಖ ಮಾಡಿ ಕೂತವರಿಗೆ.

ಇದು ನನಗೆ ಹೊಳೆದದ್ದು ಆಮೇಲೆ. ನಾನು ಮೆಟ್ಟಿಲಿಳಿದು ಬರುವಾಗ ನೀವು ಪಡಸಾಲೆಯ ಬೆಂಚಿನ ತುದಿಗೆ ಕೂತಿದ್ದಿರಿ. ಸೆರಗು ತಲೆಯ ಮೇಲಿತ್ತು. ಬಲಗೈ ಎಡ ಮೊಣಕೈಯನ್ನು ಹಿಡಿದಿತ್ತು. ಬಲಪಾದದ ಮೇಲೆ ಎಡಪಾದ. ಹನ್ನೊಂದು ಸಲ ನಾನು ಮೂರು ಸೊನ್ನೆಯ ಕೂದಲೆಳೆ ಬ್ರಷ್ಷಿನಲ್ಲಿ ಆ ಮೊಣಕೈಯ ನೆರಳು ಎಳೆದಿದ್ದೇನೆ, ಅಮ್ಮಾ. ನನ್ನ ಗುರುತು ತಪ್ಪಿರಲು ಸಾಧ್ಯವಿಲ್ಲ.

ಅವಳು ನೀವೇ.

ಯಾವ ವರ್ಷ, ಯಾವ ಜಗಳ, ಯಾರ ಮಾತಿಗೆ ಮನಸ್ಸು ಮುರಿದು ನೀವು ಹೊರಟಿದ್ದಿರೋ ನನಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ದಾವಣಗೆರೆಯ ಸ್ಟೇಷನ್ನಿನಲ್ಲಿ ಜವಳಿ ಅಂಗಡಿಯ ಸೊಸೆಯನ್ನು ಗುರುತಿಸದವರು ಯಾರಿದ್ದರು? ಅದಕ್ಕೇ ಬಸ್ಸಿನಲ್ಲಿ ಹರಿಹರಕ್ಕೆ ಬಂದಿರಬೇಕು. ರೈಲು ಬಂತು, ನಿಂತಿತು, ಹೋಯಿತು. ನೀವು ಹತ್ತಲಿಲ್ಲ. ಮನೆಗೆ ಹಿಂತಿರುಗಿ ಏನೋ ಒಂದು ಹೇಳಿದಿರಿ. ಅವರು ಅದನ್ನು ನಂಬಿದಂತೆ ಇದ್ದರು. ಆ ದಿನ ನಿಮ್ಮೊಬ್ಬರಿಗೇ ಗೊತ್ತು ಎಂದು ನೀವು ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದೀರಿ. ಅದನ್ನು ನಾನು ಮುಟ್ಟುತ್ತಿದ್ದೇನೆ. ಕ್ಷಮಿಸಿ. ಎರಡು ನೋವುಗಳಲ್ಲಿ ಒಂದನ್ನು ಆರಿಸಬೇಕಿತ್ತು. ಗಂಡ ತಲೆಯ ಮೇಲೆ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದ ಎಂದು ನೀವು ನಂಬಿ ಉಳಿಯುವುದಕ್ಕಿಂತ ಇದು ಮೇಲು ಅನ್ನಿಸಿತು.

ಸಂಜೆ ಐದಕ್ಕೆ ಅವರು ರೈಲು ಓಡಿಸುತ್ತಿದ್ದದ್ದು ನಿಮಗೆ ಕೆಳಗೆ ಕೇಳಿಸುತ್ತಿತ್ತಲ್ಲ? ದಿನವೂ ಒಂದೇ ಸಲ. ರೈಲು ಬಂದು ಎರಡು ನಿಮಿಷ ನಿಲ್ಲುತ್ತಿತ್ತು, ಹೊರಡುತ್ತಿತ್ತು. ಕೊನೆಯ ಡಬ್ಬಿ ದಾಟಿದ ಮೇಲೆ ಬಗ್ಗಿ ಬೆಂಚು ನೋಡಿ, ‘ಇವತ್ತೂ ಹೋಗ್ಲಿಲ್ಲ ನೋಡ್ರಿ’ ಎನ್ನುತ್ತಿದ್ದರು. ಸ್ವಿಚ್ ಆರಿಸಿ ಚಹಾ ಕುಡಿಯಲು ಕೆಳಗೆ ನಿಮ್ಮ ಹತ್ತಿರ ಬರುತ್ತಿದ್ದರು. ಒಮ್ಮೆ ನಾನು ತಮಾಷೆ ಮಾಡಿದೆ. ‘ಅಂಟು ಹಾಕೀನಿ ಸಾವ್ಕಾರ್ರೆ, ಎಲ್ಲಿಗೆ ಹೋಗ್ತಾಳೆ?’ ಅವರೂ ನಕ್ಕರು. ಆಮೇಲೆ, ‘ಅವತ್ತು ಯಾರು ಹಾಕಿದ್ರು ಮೇಷ್ಟ್ರೆ ಅಂಟು?’ ಎಂದರು. ನಾನು ಅದನ್ನು ಮದುವೆಗೆ ಮುಂಚಿನ ಯಾವುದೋ ಕಥೆ ಎಂದುಕೊಂಡು ಕೆದಕದೆ ಬಿಟ್ಟೆ.

ಇನ್ನೊಂದು ಗೊಂಬೆ ಇದೆ. ಅದನ್ನು ನೀವು ನೋಡಿಲ್ಲ. ನೋಡದಿರಲಿ ಎಂದೇ ಅದನ್ನು ಅಲ್ಲಿ ಇಟ್ಟದ್ದು. ಕಿಟಕಿಯ ಕಡೆಯ ತುದಿಗೆ ಹೋಗಿ ಸ್ಟೂಲಿನ ಮೇಲೆ ಕೂತು, ಕೆನ್ನೆ ಹಲಗೆಗೆ ತಾಗುವಷ್ಟು ಬಗ್ಗಿ. ಗೂಡ್ಸ್ ಶೆಡ್ಡಿನ ಹಿಂದೆ, ಗೋಡೆಗೆ ಒರಗಿ ಒಬ್ಬ ಗಂಡಸು ನಿಂತಿದ್ದಾನೆ. ಆ ಇಡೀ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ನಿಂತವನು ಅವನೊಬ್ಬನೇ. ಬಿಳಿ ಅಂಗಿ, ಕೈಯಲ್ಲಿ ಏನೋ ಒಂದು ಚುಕ್ಕೆ.

ಐದನೆಯ ವರ್ಷ ಅವನನ್ನು ಮಾಡಿಕೊಡಿ ಎಂದರು. ಕೈಯಲ್ಲಿ ಏನೋ ಹಿಡಿದಿರಬೇಕು, ಸಣ್ಣದು ಎಂದಷ್ಟೇ ಹೇಳಿದ್ದರು. ನಾನು ಬೀಡಿ ಎಂದುಕೊಂಡು ತುದಿಗೆ ಒಂದು ಕಣ ಕೆಂಪು ಇಟ್ಟೆ. ಅಂಥ ಕೆಲಸಕ್ಕೆ ಹೊಗಳಿಕೆ ಬರುತ್ತದೆ ಎಂಬ ಹೆಮ್ಮೆ ನನಗೆ. ಅವರು ಭೂತಗನ್ನಡಿ ಹಿಡಿದು ನೋಡಿದವರು ಬೆಚ್ಚಿಬಿದ್ದರು. ‘ಏನ್ರೀ ಇದು, ಬೀಡಿ ಕೊಟ್ಟೀರಿ? ಲಿಂಗ ಕಟ್ಟಿದ ಕೊರಳ್ರೀ ಇದು, ನನ್ನ ಜೀವಮಾನದಾಗೆ ಒಂದು ಬೀಡಿ ಮುಟ್ಟಿಲ್ಲ!’ ಎಂದರು. ಬಹಳ ಹೊತ್ತು ಕನ್ನಡಕ ಒರೆಸಿದರು.

‘ಅದು ಟಿಕೇಟು’ ಎಂದರು ಕೊನೆಗೆ.

ಪ್ಲಾಟ್‌ಫಾರಂ ಟಿಕೇಟಾ ಎಂದು ಕೇಳಿದೆ.

‘ಅಲ್ಲ. ಹಾವೇರಿದು. ಅವಳು ಹತ್ತಿದ್ರೆ ತಾನೂ ಹಿಂದಿನ ಡಬ್ಬಿಗೆ ಹತ್ತೋದು ಅಂತ.’

ನಾನು ಕೆಂಪನ್ನು ಸೂಜಿಯಿಂದ ಕೆರೆದು ತೆಗೆದೆ. ಹಳೆಯ ರಟ್ಟಿನ ಟಿಕೇಟಿನ ಮಾಸಲು ಬಣ್ಣದ ಒಂದು ಚುಕ್ಕೆ ಇಟ್ಟೆ. ನಾನು ಈವರೆಗೆ ಇಟ್ಟ ಚುಕ್ಕೆಗಳಲ್ಲಿ ಅದಕ್ಕಿಂತ ಸಣ್ಣದು ಇಲ್ಲ.

ಅವರು ಯಾಕೆ ಶೆಡ್ಡಿನ ಹಿಂದಿನಿಂದ ಬಂದು ನಿಮ್ಮನ್ನು ಕರೆಯಲಿಲ್ಲ ಎಂದು ನೀವು ಕೇಳಬಹುದು. ನನಗೆ ಉತ್ತರ ಗೊತ್ತಿಲ್ಲ. ಧೈರ್ಯ ಸಾಲಲಿಲ್ಲವೋ, ಕರೆದರೆ ನೀವು ಬರುವುದು ಅವರಿಗಾಗಿ ಆಗುತ್ತದೆ, ಕರೆಯದಿದ್ದರೆ ನಿಮಗಾಗಿ ಆಗುತ್ತದೆ ಎಂದುಕೊಂಡರೋ. ಎರಡೂ ಇದ್ದಿರಬಹುದು. ಮನುಷ್ಯರಲ್ಲಿ ಸಾಮಾನ್ಯವಾಗಿ ಎರಡೂ ಇರುತ್ತವೆ.

ನನ್ನದೊಂದು ಮಾತು ಹೇಳಿ ಮುಗಿಸುತ್ತೇನೆ. ನನ್ನ ಹೆಂಡತಿ ಸಹನಾ ನನ್ನನ್ನು ಬಿಟ್ಟು ಹೋದದ್ದು ಇದೇ ಹರಿಹರ ಸ್ಟೇಷನ್ನಿನಿಂದ, ಎಂಟು ವರ್ಷದ ಹಿಂದೆ. ಅವಳು ರೈಲು ಹತ್ತಿದಳು. ನಾನು ಮನೆಯಲ್ಲಿ ಬ್ರಷ್ ತೊಳೆಯುತ್ತಿದ್ದೆ. ಆಟೋ ತಿರುಗಿದ ಸದ್ದು ಕೇಳಿಸಿತು. ಬ್ರಷ್ಷಿನಲ್ಲಿ ಬಣ್ಣ ಒಣಗಿದರೆ ಕೂದಲು ಹಾಳಾಗುತ್ತದೆ ಎಂದು ತೊಳೆಯುವುದನ್ನು ಮುಂದುವರಿಸಿದೆ. ಬೆಂಚಿನ ಮೇಲೆ ಅವಳು ಹೇಗೆ ಕೂತಿದ್ದಳೋ, ಕೂತಿದ್ದಳೋ ಇಲ್ಲವೋ, ಕೈ ಎಲ್ಲಿಟ್ಟುಕೊಂಡಿದ್ದಳೋ ನಾನು ಕಾಣೆ. ಇಷ್ಟು ಜನರನ್ನು ಕೂಡಿಸಿದವನಿಗೆ ಅವಳೊಬ್ಬಳನ್ನು ಕೂಡಿಸಲು ಬರುವುದಿಲ್ಲ. ಗುರುವಾರ ಬಸ್ಸಿನಲ್ಲಿ ಹಿಂತಿರುಗುವಾಗ ನನಗೆ ಮುರುಗೇಶಪ್ಪನವರ ಮೇಲೆ ಹೊಟ್ಟೆಕಿಚ್ಚಾಯಿತು. ಅವರು ನೋಡಿದ್ದರು. ಬಣ್ಣ ಮರೆತಿದ್ದರು ಅಷ್ಟೇ.

ಈಗ ಪೊಟ್ಟಣ ತೆರೆಯಿರಿ. ಅವಳನ್ನು ಅಂಗೈ ಮೇಲೆ ಇಟ್ಟುಕೊಂಡು ಮಹಡಿಗೆ ಹೋಗಿ. ಕಲ್ಲು ಬೆಂಚಿನ ತುದಿಯಲ್ಲಿ ಅಂಟಿನ ಹೊಳಪು ಇನ್ನೂ ಇದೆ, ಜಾಗ ತಪ್ಪುವುದಿಲ್ಲ. ಅಲ್ಲಿ ಇಡುತ್ತೀರೋ, ನಿಮ್ಮ ಹತ್ತಿರ ಇಟ್ಟುಕೊಳ್ಳುತ್ತೀರೋ, ಮಂಗಳವಾರದ ವ್ಯಾನನ್ನು ಬರಬೇಡಿ ಎನ್ನುತ್ತೀರೋ, ಅದು ನಿಮಗೆ ಬಿಟ್ಟದ್ದು. ಬಸವಪ್ರಭು ಅವರಿಗೆ ನಾನು ಏನೂ ಹೇಳಿಲ್ಲ, ಹೇಳುವುದೂ ಇಲ್ಲ.

ಬೇಡುವುದು ಒಂದೇ. ನೀಲಿ ಚೀಲ ಹಿಡಿದು ಹೊರಟ ಆ ದಿನ ನೀವು ಉಟ್ಟದ್ದು ಯಾವ ಸೀರೆ? ನಾನು ಹಚ್ಚಿದ ಹನ್ನೊಂದೂ ಹಸಿರು ತಪ್ಪು ಎಂದು ಅವರಿಗೆ ತಿಳಿಯುತ್ತಿತ್ತು, ಸರಿ ಯಾವುದೆಂದು ತಿಳಿಯುತ್ತಿರಲಿಲ್ಲ. ಅದು ನಿಜಕ್ಕೂ ಹಸಿರೇ ಆಗಿತ್ತೇ, ಅಮ್ಮಾ? ಒಂದು ಸಾಲು ಬರೆದು ಕಳಿಸಿದರೆ ಸಾಕು, ಬಣ್ಣ ತೆಗೆದುಕೊಂಡು ಬರುತ್ತೇನೆ. ಒಂದೇ ಕೈ ಹಚ್ಚಿದರೆ ಆಗುತ್ತದೆ.

ಮಹಡಿಯ ಮೆಟ್ಟಿಲು ಕಡಿದಾಗಿದೆ, ನಿಮಗೆ ಮಂಡಿ ನೋವು, ನಿಧಾನವಾಗಿ ಹತ್ತಿ. ನೀವು ಹತ್ತುವ ಹೊತ್ತಿಗೆ ಕಿಟಕಿಯ ಕಡೆ ಒಳ್ಳೆಯ ಬೆಳಕಿರಲಿ.

ನಿಮ್ಮ ಮನೆಯ ಅರವತ್ತೆರಡು ಜನರಿಗೆ ಬಣ್ಣ ಹಚ್ಚಿದ,
ಕೊಟ್ಟೂರೇಶ್