ಗುಡ್ಡದಾಗ ಬಿಟ್ಟ ಚೌಕ

ರಾಯಚೂರು
ಶ್ರಾವಣ, 1984

ಯಪ್ಪಾ,

ನೀ ಇದ್ದಿದ್ರ ಈ ಪತ್ರ ಯಾರಾದ್ರೂ ನಿನಗ ಓದಿ ಹೇಳಬೇಕಾಗ್ತಿತ್ತು. ಆ ನಾಚಿಕಿಗೆ ನಾ ಬರೀತಿದ್ದಿಲ್ಲ. ನೀ ತೀರಿಕೊಂಡ ಮ್ಯಾಲ ಬರೆಯೋ ಧೈರ್ಯ ಬಂದದ.

ದೇವದುರ್ಗದ ನಮ್ಮ ಗುಡ್ಡಾನ ನಕಾಶಿ ಮ್ಯಾಲ ಚೌಕ ಚೌಕ ಮಾಡಿ, ಇಳಿಜಾರು, ಮಣ್ಣು, ನೀರು, ಕುರಿ ಎಲ್ಲಾ ಗಣಿತಕ್ಕ ಹಾಕಿ, ಎಲ್ಲಿ ಎಷ್ಟು ಹುಲ್ಲು ಬೆಳೀತದ ಅಂತ ಹೇಳೋದು ನನ್ನ ಕೆಲಸ. ಲೆಕ್ಕ ಚಲೋ ಕೂಡಿತ್ತು. ಒಂದು ಚೌಕ ಮಾತ್ರ ಹೊಂದಲಿಲ್ಲ. ಗರಸು ನೆಲ, ನೀರು ನಿಲ್ಲಂಗಿಲ್ಲ, ಅಲ್ಲಿ ಬೋಳು ಇರಬೇಕಿತ್ತು. ಸರ್ವೇದವರು ಗುಡ್ಡ ಹತ್ತಿ ತಂದ ಅಳತಿ ನೋಡಿದ್ರ ಹುಲ್ಲು ದಟ್ಟ ಅದ ಅಂತಿತ್ತು. ಅಳತಿನೇ ತಪ್ಪು ಅಂತ ತಿಳದು, ಆ ಚೌಕ ನಕಾಶ್ಯಾಗಿಂದ ತೆಗೆದು ವರದಿ ಕಳಿಸಿಬಿಟ್ಟೆ.

ನಿನ್ನೆ ಕರೆಮ್ಮಕ್ಕನ ಜೋಡಿ ಗುಡ್ಡ ಹತ್ತಿದೆ. ಆ ಜಾಗದಾಗ ಹುಲ್ಲು ಮೊಣಕಾಲ ಮಟ ಬೆಳದಿತ್ತು. ಅಕ್ಕ ಮಸಿ ಹತ್ತಿದ ಒಲಿಗಲ್ಲಿನ ಹತ್ರ ಹೋಗಿ ಕುಂತ್ಳು.

"ಗುರ್ತು ಸಿಗ್ಲಿಲ್ಲೇನೋ? ಮಳಿಗಾಲಕ್ಕ ಯಪ್ಪ ಕುರಿ ಹಟ್ಟಿ ಹಾಕ್ತಿದ್ದಿದ್ದು ಇಲ್ಲೇ. ನೀ ಅವನ ಕಂಬಳ್ಯಾಗ ಮಕ್ಕೊಂತಿದ್ದಿ."

ನಿನ್ನ ಕುರಿ ಹಿಕ್ಕಿ ಇನ್ನಾ ಹುಲ್ಲು ಬೆಳೆಸಾಕತ್ತದ, ಯಪ್ಪಾ. ನನ್ನ ಗಣಿತದಾಗ ಕುರಿ ಬರೇ ಮೇಯ್ತಾವ, ರಾತ್ರಿ ಎಲ್ಲೂ ಮಲಗಂಗಿಲ್ಲ. ಕುರುಬರ ಮಗ ಮಾಡಿದ ಲೆಕ್ಕ ಇದು.

ಇಳಿಯುವಾಗ ಅಕ್ಕ ಕೇಳಿದ್ಳು, "ಯಪ್ಪನ ಹಟ್ಟಿ ನಿನ್ನ ನಕಾಶ್ಯಾಗ ಅದ ಇಲ್ಲೋ?"

"ಅದ" ಅಂದೆ.

ಊರು ಮುಟ್ಟೋತನಕ ಎದುರಿಗೆ ಬಂದವರಿಗೆಲ್ಲಾ ಆಕಿ ಅದನ್ನೇ ಹೇಳ್ಕೊಂತ ಬಂದ್ಳು.