ಪೊರಕೆಯ ತಂತಿ

ಅಕ್ಟೋಬರ್ 14, 1971, ಗುರುವಾರ.

ಬೆರಳ ಗೆಣ್ಣುಗಳು ಇವತ್ತೂ ನೋಯುತ್ತಿವೆ. ಮೆಂಫಿಸ್‌ನ ಮ್ಯೂಸಿಯಂನವನು ಮತ್ತೆ ಬಂದಿದ್ದ. ನಮ್ಮ ಹೊರಗೋಡೆಯ ಹಲಗೆ ಬೇಕಂತೆ. ಮುಂದೆ ಗಿಟಾರ್ ನುಡಿಸಿ ಹೆಸರಾದ ನನ್ನ ತಮ್ಮ ಒಡೆಲ್ ಎಂಟು ವರ್ಷದವನಿದ್ದಾಗ ಪೊರಕೆ ಕಟ್ಟಿದ ತಂತಿ ಬಿಚ್ಚಿ, ಆ ಹಲಗೆಗೆ ಮೊಳೆ ಹೊಡೆದು ಬಿಗಿದು, ಬಾಟಲಿಯಿಂದ ಉಜ್ಜಿ ನುಡಿಸುತ್ತಿದ್ದ. ಒಳಗೆ ಮಲಗಿದರೆ ಗೋಡೆಯೇ ಅಳುತ್ತಿದ್ದ ಹಾಗಿರುತ್ತಿತ್ತು.

"ಇಂಗ್ಲೆಂಡಿನ ಹುಡುಗರೂ ಈಗ ಗಿಟಾರಲ್ಲಿ ಒಡೆಲ್ ಅವರ ಆ ಅಳುವನ್ನೇ ಹುಡುಕ್ತಾರೆ, ವರ್ಲೀನಮ್ಮ," ಅಂದ.

ಹುಡುಕಲಿ. ಪೊರಕೆ ಬಿಚ್ಚಿಹೋದಾಗಲೆಲ್ಲ ಅಮ್ಮ ಗೆಣ್ಣಿನ ಮೇಲೆ ಹೊಡೆಯುತ್ತಿದ್ದಳು. ಅವನ ಬೆರಳಿಗೆ ಪೆಟ್ಟು ಬೀಳಬಾರದೆಂದು, ಬಿಚ್ಚಿದ್ದು ನಾನೇ ಅನ್ನುತ್ತಿದ್ದೆ.

"ಹಲಗೆಗೆ ಏನು ಕೊಡ್ಲಿ?"

"ಒಂದು ಪೊರಕೆ ತಂದ್ಕೊಡಪ್ಪ."

ಅವನು ನಕ್ಕ. ಒಡೆಲ್ ಇದ್ದಿದ್ದರೆ ನಗುತ್ತಿರಲಿಲ್ಲ.